ಸುಂಕದಕ್ಕ ಎಣಿಸಿದ ಮರದ ಗೆರೆಗಳು

ಆಕೆಯ ಮುಂದೆ ಏನನ್ನೂ ಇಡಬೇಡಿ, ಇಟ್ಟರೆ ಅದಕ್ಕೊಂದು ನಂಬರು ಹಾಕಿಬಿಡುತ್ತಾಳೆ ಎಂದು ಓಣಿಯವರು ಹೇಳುತ್ತಿದ್ದರು. ಎದುರುಮನೆಯ ಹೆಂಗಸು ಒಮ್ಮೆ ತನ್ನ ಗಂಡನನ್ನೇ ತೋರಿಸಿ ಇವರಿಗೆ ಯಾವ ನಂಬರು ಎಂದು ಕೇಳಿದ್ದಕ್ಕೆ, ಬಳಸಿದ ಮನೆಸಾಮಾನು, ತೆರಿಗೆಯಿಲ್ಲ, ಧಾರಾಳವಾಗಿ ಕಳಿಸು ಎಂದಿದ್ದಳಂತೆ. ಹೊರದೇಶಕ್ಕೆ ಹೋಗುವ ಪೆಟ್ಟಿಗೆಗಳ ಕಾಗದಪತ್ರವನ್ನು ಮೂವತ್ತೊಂದು ವರ್ಷ ಬರೆದವಳು ಆಕೆ. ನಿವೃತ್ತಿಯಾದ ಮೇಲೂ ಜನ ಬಾಗಿಲು ತಟ್ಟುತ್ತಿದ್ದರು. ಹೆಸರು ಏನಿತ್ತೋ, ಎಲ್ಲರ ಬಾಯಲ್ಲೂ ಆಕೆ ಸುಂಕದಕ್ಕ.

ಅದೇ ಓಣಿಯ ತುದಿಯಲ್ಲಿ ಪಿಟೀಲು ರಿಪೇರಿ ಮಾಡುವವನೊಬ್ಬನಿದ್ದ. ಕೈಕೆಲಸದಲ್ಲಿ ಬಂಗಾರದಂಥವನು, ಕಾಗದ ಕಂಡರೆ ಮಾತ್ರ ಬೆವರುತ್ತಿದ್ದ. ಸಮುದ್ರದಾಚೆಯ ಸಂಗೀತದ ಟೀಚರೊಬ್ಬರು, ತಮ್ಮಲ್ಲಿದ್ದ ಒಂದೇ ಒಂದು ಪಿಟೀಲಿನ ಮೇಲ್ಹಲಗೆ ಸೀಳಿತೆಂದು, ಅವನನ್ನು ನಂಬಿ ಕಳಿಸಿಕೊಟ್ಟಿದ್ದರು. ಮೂರು ತಿಂಗಳು ಬಗ್ಗಿ ಕೂತು ಸರಿಮಾಡಿದ. ಇನ್ನು ವಾಪಸು ಕಳಿಸಬೇಕು. ಉಡುಗೊರೆ ಅಂತ ಬರೆದು ಪುಡಿಗಾಸಿನ ಬೆಲೆ ಹಾಕಿದರೆ ಅಲ್ಲಿ ಯಾರೂ ಕೇಳುವುದಿಲ್ಲ ಎಂದು ಯಾರೋ ಅವನ ಕಿವಿಯಲ್ಲಿ ಊದಿದ್ದರು. ಅದನ್ನೇ ಹೋಗಿ ಸುಂಕದಕ್ಕನಿಗೆ ಹೇಳಿದ.

"ಅವರ ಪಿಟೀಲನ್ನ ಅವರಿಗೇ ಉಡುಗೊರೆ ಕೊಡೋಕೆ ನೀನು ಯಾರಪ್ಪ?" ಎಂದಳು ಆಕೆ.

ಆಮೇಲೆ ಕೂರಿಸಿಕೊಂಡು ತಿಳಿಹೇಳಿದಳು. ಗಡಿಯಲ್ಲಿ ಕೇಳುವುದು ಮುಖ್ಯವಾಗಿ ಮೂರು ಮಾತು: ಇದು ಏನು, ಎಲ್ಲಿ ತಯಾರಾಯಿತು, ಬೆಲೆ ಎಷ್ಟು. ಲೋಕದಲ್ಲಿ ಮಾರುವ ಪ್ರತಿಯೊಂದಕ್ಕೂ ಒಂದು ಸಂಖ್ಯೆಯಿದೆ. ಕತ್ತರಿಸಿದ ತಲೆಗೂದಲಿಗೂ ಇದೆ, ಒತ್ತಿ ತುಂಬಿದ ಗಾಳಿಗೂ ಇದೆ. ರಿಪೇರಿಯವನು ಬಾಯಿ ಬಿಟ್ಟುಕೊಂಡು ಕೇಳಿದ. ತನ್ನ ಅಂಗಡಿಯ ಮುರುಕು ಉಳಿ, ಅಂಟಿನ ಡಬ್ಬಿ ಕೂಡ ಯಾವುದೋ ಮಹಾ ಕಪಾಟಿನಲ್ಲಿ ತನ್ನದೇ ಗೂಡು ಹಿಡಿದು ಕೂತಿವೆ ಎಂದು ಅವನಿಗೆ ಅಂದೇ ಗೊತ್ತಾದದ್ದು.

ರಿಪೇರಿಗೆ ಹೋದ ವಸ್ತು ಮರಳಿ ಬಂದರೆ ಟೀಚರ ದೇಶದಲ್ಲಿ ರಿಪೇರಿ ಖರ್ಚಿನ ಮೇಲಷ್ಟೇ ತೆರಿಗೆ, ಜೊತೆಗೆ ಕಾಗದಪತ್ರ ನೋಡಿಕೊಳ್ಳುವ ಕೊರಿಯರಿನವರ ಶುಲ್ಕ. ಆದರೆ ಹೋದದ್ದೂ ಬಂದದ್ದೂ ಒಂದೇ ಎಂದು ತೋರಿಸಬೇಕು. ಟೀಚರು ಕಳಿಸುವ ಮುಂಚೆಯೇ ಅಲ್ಲಿನ ಸುಂಕದ ಕಚೇರಿಯಲ್ಲಿ ಫೋಟೊ ಸಮೇತ ನಮೂದಿಸಿ, ಅದರ ಪ್ರತಿಯನ್ನೂ ಪೆಟ್ಟಿಗೆಯಲ್ಲಿಟ್ಟಿದ್ದರು. ಸುಂಕದಕ್ಕ ಕಾಗದ ಬರೆದಳು, ಪಿಟೀಲು ಹೊರಟಿತು.

ಒಂಬತ್ತನೆಯ ದಿನ ಬೆಳಿಗ್ಗೆ ಅಲ್ಲಿನ ಸುಂಕದ ಕಚೇರಿಯಿಂದ ರಿಪೇರಿಯವನ ಫೋನಿಗೆ ಪ್ರಶ್ನೆ ಬಂತು. ನಮೂದಾದ ಪಿಟೀಲಿಗೆ ಮೈತುಂಬ ಗೀರು, ಒಳಗೆ ತಯಾರಕರ ಚೀಟಿ. ಬಂದಿರುವ ಪಿಟೀಲಿಗೆ ಗೀರೂ ಇಲ್ಲ, ಚೀಟಿಯೂ ಇಲ್ಲ. ಇವತ್ತೇ ಸಮಜಾಯಿಷಿ ಕೊಡದಿದ್ದರೆ ಪೂರ್ತಿ ಬೆಲೆಯ ಮೇಲೆ ತೆರಿಗೆ. ಅಷ್ಟು ಕಟ್ಟುವುದು ಟೀಚರ ಕೈಲಾಗದು, ಕಟ್ಟದಿದ್ದರೆ ಪಿಟೀಲು ಅವರ ಕೈ ಸೇರದು.

ರಿಪೇರಿಯವನು ಎದ್ದೆನೋ ಬಿದ್ದೆನೋ ಎಂದು ಓಡಿದ. ಅಂದೇ ಸುಂಕದಕ್ಕ ಬಾಡಿಗೆಮನೆ ಖಾಲಿ ಮಾಡಿ ತಂಗಿಯ ಊರಿಗೆ ಹೊರಟ ದಿನ. ಸಾಮಾನೆಲ್ಲ ಗಾಡಿ ಏರಿತ್ತು. ತಂಗಿ ಹೊಸ್ತಿಲಲ್ಲೇ ನಿಂತು ಅವಸರ ಮಾಡುತ್ತಿದ್ದಳು. ಅವನು ತಲೆ ತಗ್ಗಿಸಿ ಒಪ್ಪಿಕೊಂಡ: ಚೆಂದ ಕಾಣಲಿ ಎಂದು ಗೀರು ಉಜ್ಜಿ ವಾರ್ನಿಷ್ ಕೊಟ್ಟವನು ತಾನೇ, ಹುಳ ತಿಂದ ಚೀಟಿ ಕೆರೆದು ಎಸೆದವನೂ ತಾನೇ.

ಸುಂಕದಕ್ಕ ಬೈಯಲಿಲ್ಲ. ಬರಿ ನೆಲದ ಮೇಲೆ ಕೂತಳು.

"ಅದರಲ್ಲಿ ನಿನ್ನ ಕೈಲಿ ಬದಲಾಯಿಸೋಕೆ ಆಗದೇ ಇರೋದು ಏನಿದೆ, ತಮ್ಮಾ?"

ಅವನು ಒಂದೊಂದೇ ಬೆರಳು ಮಡಚಿದ. ತಂತಿ ಬದಲಾಗಿತ್ತು, ಬಿರಡೆ ಬದಲಾಗಿತ್ತು, ಬಣ್ಣ ಬದಲಾಗಿತ್ತು.

"ಮರದ ಗೆರೆ, ಅಕ್ಕ. ಅದು ಮರದ್ದೇ. ಯಾರೂ ಏನೂ ಮಾಡೋಕಾಗಲ್ಲ."

ಟೀಚರು ನಮೂದಿಸಿದ್ದ ಪಿಟೀಲಿನ ಫೋಟೊ, ವಾಪಸು ಕಳಿಸುವ ಮುನ್ನ ಅವನು ತೆಗೆದ ಫೋಟೊ, ಎರಡನ್ನೂ ಬೀದಿಯ ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡದು ಮಾಡಿಸಿ ತಂದ. ಭೂತಗನ್ನಡಿ ಗಾಡಿಯ ಮೇಲಿನ ಗಂಟಿನಲ್ಲಿತ್ತು. ಕಟ್ಟಿದ ಗಂಟು ಬಿಚ್ಚುತ್ತ ತಂಗಿ, "ಪುಣ್ಯಕ್ಕೆ ಮನೇನ ಕಟ್ಟಿ ಹೇರಿಲ್ಲ, ಅದನ್ನೂ ಇಳಿಸ್ತಿದ್ದಳು," ಎಂದು ಗೊಣಗಿದಳು.

ಸುಂಕದಕ್ಕ ಸೂಜಿಯ ಮೊನೆಯಿಟ್ಟು, ಮೇಲ್ಹಲಗೆಯ ಎರಡು ಹೋಳು ಕೂಡುವ ನಡುಬೆಸುಗೆಯಿಂದ ಅಂಚಿನವರೆಗೆ ಎಣಿಸಿದಳು. ಅದರಲ್ಲಿ ತೊಂಬತ್ತಮೂರು, ಇದರಲ್ಲೂ ತೊಂಬತ್ತಮೂರು. ನಲವತ್ತೊಂದನೆಯ ಗೆರೆ ದಾಟಿದ ಮೇಲೆ ಏಳು ಗೆರೆ ಒಂದಕ್ಕೊಂದು ಒತ್ತಿ ನಿಂತಿದ್ದವು, ಎರಡರಲ್ಲೂ. ವರ್ಷಕ್ಕೊಂದು ಗೆರೆ, ಇವು ಮರಕ್ಕೆ ನೀರು ಸಾಲದೆ ಹೋದ ಏಳು ವರ್ಷ ಇರಬೇಕು ಎಂದು ರಿಪೇರಿಯವನು ಮೆಲ್ಲಗೆ ಹೇಳಿದ. ಯಾವ ಬೆಟ್ಟದ ಮರವೋ, ಕಡಿದು ಎಷ್ಟು ಕಾಲವಾಯಿತೋ. ತನ್ನ ಬಾಯಾರಿಕೆಯನ್ನು ಎದೆಯಲ್ಲಿ ಬರೆದಿಟ್ಟುಕೊಂಡು, ಇವತ್ತು ಯಾರೋ ಟೀಚರ ಪರ ಸಾಕ್ಷಿ ಹೇಳುತ್ತಿತ್ತು. ತಂಗಿಯೂ ಬಗ್ಗಿ ಆ ಏಳು ಗೆರೆ ಎಣಿಸಿದಳು.

ಅರ್ಧ ಪುಟದ ಉತ್ತರ ಬರೆದಾಯಿತು. ಚೀಟಿ ಕೆರೆದದ್ದನ್ನು ಮುಚ್ಚಿಡಲಿಲ್ಲ. ರಿಪೇರಿ ಖರ್ಚಿನ ಮೊದಲ ಪಟ್ಟಿಯಲ್ಲಿ ಬಿಟ್ಟುಹೋಗಿದ್ದ ವಾರ್ನಿಷಿನ ಖರ್ಚನ್ನೂ ಸೇರಿಸಿದಳು. ತೆರಿಗೆ ಜಾಸ್ತಿಯಾಗುತ್ತಲ್ಲ ಎಂದು ಅವನು ರಾಗ ಎಳೆದ.

"ಕೆಲಸ ಮಾಡಿದ್ದೀಯ ತಾನೇ? ಹಾಗಾದ್ರೆ ಹೇಳು. ಒಂದು ಸುಳ್ಳು ಸಿಕ್ಕಿದ್ರೆ ಆ ತೊಂಬತ್ತಮೂರು ಗೆರೇನೂ ಯಾರೂ ನಂಬಲ್ಲ."

ಉತ್ತರ ಹೋಯಿತು. ಗಾಡಿಯವನು ಎರಡು ನಿದ್ದೆ ತೆಗೆದ. ತಂಗಿ ಎಷ್ಟು ಕರೆದರೂ ಸುಂಕದಕ್ಕ ಏಳಲಿಲ್ಲ. ಕಾಗದದಲ್ಲಿ ಈ ಮನೆಯ ವಿಳಾಸ ಕೊಟ್ಟಿದ್ದೇನೆ, ಮಾತು ಮುಗಿಯುವವರೆಗೆ ಇಲ್ಲೇ ಇರಬೇಕು ಎಂದಳು.

ನಾಲ್ಕು ಗಂಟೆಗೆ ಅವನ ಫೋನು ಸದ್ದು ಮಾಡಿತು. ವಸ್ತು ಅದೇ ಎಂದು ಒಪ್ಪಿದ್ದರು. ರಿಪೇರಿಯ ಮೇಲಷ್ಟೇ ತೆರಿಗೆ. ಆಕೆ ಎರಡು ಸಲ ಓದಿದಳು. ಕೊರಿಯರಿನವರ ಶುಲ್ಕ ಬಾಗಿಲಲ್ಲೇ ಕೇಳುತ್ತಾರೆ, ಟೀಚರು ಗಾಬರಿಯಾಗದ ಹಾಗೆ ಈಗಲೇ ತಿಳಿಸು ಎಂದಳು. ಅವನು ತಿಳಿಸಿದ. ಅದಾದ ಮೇಲೆಯೇ ಗೋಡೆ ಹಿಡಿದು ಎದ್ದದ್ದು.

ಕಿಟಕಿ ಎಳೆದುಕೊಂಡಳು, ಬಾಗಿಲಿಗೆ ಬೀಗ ಹಾಕಿ ಒಮ್ಮೆ ಜಗ್ಗಿ ನೋಡಿದಳು, ಬೀಗದ ಕೈಯನ್ನು ಮನೆಯೊಡೆಯನಿಗೆ ತಲುಪಿಸಲು ಎದುರುಮನೆಯವಳ ಕೈಗಿತ್ತಳು. ರಿಪೇರಿಯವನು ಜೊತೆಗೇ ಮೆಟ್ಟಿಲಿಳಿದ. ಸುಂಕದಕ್ಕ ಅವನ ಹೆಗಲಿಗೆ ಕೈಯೂರಿ ಗಾಡಿ ಹತ್ತಿದಳು.