ಅವ್ವ ಇಟ್ಟ ಪರೀಕ್ಷೆ

ರಾಮದುರ್ಗದಲ್ಲಿ ಬೋರ್ಡು ಬರೆಯುವುದು ನನ್ನ ಕಸುಬು. ಮೊದಲು ಬ್ರಷ್ ಹಿಡಿದು ತಗಡಿನ ಮೇಲೆ ಬರೆಯುತ್ತಿದ್ದೆ, ಈಗ ಕಂಪ್ಯೂಟರಿನ ಮುಂದೆ ಕುಳಿತು ಫ್ಲೆಕ್ಸ್ ಮಾಡುತ್ತೇನೆ. ಕಿರಾಣಿ ಅಂಗಡಿ, ಬೀಜ ಗೊಬ್ಬರದ ಅಂಗಡಿ, ಹುಟ್ಟುಹಬ್ಬ, ಶ್ರದ್ಧಾಂಜಲಿ, ಎಲ್ಲವೂ ನನ್ನ ಕೈ ದಾಟಿಯೇ ಬೀದಿಗೆ ಹೋಗುತ್ತವೆ. ಇವುಗಳಲ್ಲಿ ನನಗೆ ಹೆಚ್ಚು ಇಷ್ಟವಾಗುತ್ತಿದ್ದದ್ದು ಡಾಕ್ಟರರ ಬೋರ್ಡು. ಹೆಸರು ಎಷ್ಟೇ ಗಿಡ್ಡವಿರಲಿ, ಅದರ ಹಿಂದೆ ಇಂಗ್ಲಿಷ್ ಅಕ್ಷರಗಳ ಉದ್ದನೆಯ ಬಾಲವೊಂದು ಇದ್ದೇ ಇರುತ್ತದೆ. ಆ ಬಾಲವನ್ನು ಕೆಂಪು ಬಣ್ಣದಲ್ಲಿ, ಸಮನಾದ ಅಂತರದಲ್ಲಿ, ಒಂದು ಚುಕ್ಕೆಯೂ ತಪ್ಪದಂತೆ ಬರೆಯುವುದರಲ್ಲಿ ಊರಿನಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಅವುಗಳ ಅರ್ಥವೇನು ಎಂದು ಯಾರೂ ನನ್ನನ್ನು ಕೇಳಿರಲಿಲ್ಲ. ನನಗೂ ಅದರ ಗೊಡವೆ ಬಿದ್ದಿರಲಿಲ್ಲ.

ಗೊಡವೆ ಬಿದ್ದದ್ದು ಅವ್ವ ಸೊರಗತೊಡಗಿದ ಮೇಲೆ. ಅವ್ವನ ತವರು ಮನೋಳಿ. ಕೂತು ಉಣ್ಣುವ ಜೀವವಲ್ಲ ಅದು. ಸೊಸೆ ಏಳುವುದರೊಳಗೆ ಅಂಗಳ ಗುಡಿಸಿ, ಹಿಟ್ಟು ನಾದಿ, ಒಲೆಯ ಮುಂದೆ ಕೂತುಬಿಟ್ಟಿರುತ್ತಿದ್ದಳು. ಅಂಥವಳು ರೊಟ್ಟಿ ಬಡಿಯುತ್ತಿದ್ದಂತೆಯೇ ಕೈ ನಿಲ್ಲಿಸಿ ಗೋಡೆಗೆ ಒರಗಲು ಶುರುಮಾಡಿದಳು. ಕುಪ್ಪಸಗಳು ಸಡಿಲಾದವು. ಎದ್ದು ನಿಂತರೆ ಕಣ್ಣಿಗೆ ಕತ್ತಲೆ ಕವಿದು ಬಾಗಿಲು ಹಿಡಿದುಕೊಳ್ಳುತ್ತಿದ್ದಳು. ಮೈಬಣ್ಣವೂ ಕಪ್ಪಾಗುತ್ತ ಬಂತು. ಬಿಸಿಲಿಗೆ ಹಾಗಾಗಿದೆ ಎಂದು ನಾವು ಮಾತಾಡಿಕೊಂಡೆವು. ಅವಳು ಹೊಸ್ತಿಲು ದಾಟುವುದೇ ಅಪರೂಪವಾಗಿತ್ತು ಎಂಬುದು ನಮಗೆ ಹೊಳೆಯಲಿಲ್ಲ.

ಡಾಕ್ಟರಿಗೆ ತೋರಿಸೋಣವೆಂದರೆ ಅದಕ್ಕೂ ಅವ್ವನದೇ ಒಂದು ಕ್ರಮವಿತ್ತು. ಅವಳು ಚಿಕ್ಕವಳಿದ್ದಾಗ ಮನೋಳಿಯಲ್ಲಿ ನಾಡಿ ನೋಡುವ ವೈದ್ಯರೊಬ್ಬರಿದ್ದರಂತೆ. ರೋಗಿ ಸುಮ್ಮನೆ ಕೈ ಚಾಚಬೇಕು. ಅವರು ಕಣ್ಣು ಮುಚ್ಚಿ ಮಣಿಕಟ್ಟು ಹಿಡಿದು ಹಿಂದಿನ ದಿನ ಉಂಡದ್ದನ್ನೂ ಹೇಳುತ್ತಿದ್ದರಂತೆ. ಅಂದಿನಿಂದ ಅವ್ವನ ತವರುಮನೆಯ ಹೆಂಗಸರು ಯಾವ ಡಾಕ್ಟರ ಮುಂದೆಯೂ ತಾವಾಗಿ ಬಾಯಿ ಬಿಟ್ಟವರಲ್ಲ. ಕೈ ಚಾಚುವುದು, ಅವರೇನು ಹೇಳುತ್ತಾರೋ ನೋಡುವುದು. ನಮ್ಮ ಕಡೆ ಹಳೆಯ ತಲೆಗಳಲ್ಲಿ ಈ ಪರೀಕ್ಷೆ ಇನ್ನೂ ನಡೆದೇ ಇದೆ.

"ಬ್ಯಾನಿ ಏನಂತ ನಾನ ಹೇಳೂದಾದ್ರ ಅಂವಾ ಡಾಕ್ಟರ್ ಯಾಕ ಆದ?" ಎನ್ನುತ್ತಿದ್ದಳು ಅವ್ವ.

ಮೊದಲು ನಮ್ಮ ಓಣಿಯ ಹಳೆಯ ಡಾಕ್ಟರ ಹತ್ತಿರ ಹೋದೆವು. ಅವರು ಹೆಚ್ಚು ಕೇಳುವವರೂ ಅಲ್ಲ, ಹೇಳುವವರೂ ಅಲ್ಲ. ನಿತ್ರಾಣ ಎಂದು ಸಲೈನ್ ಹಚ್ಚಿದರು. ಸಲೈನ್ ಇಳಿಯುತ್ತಿದ್ದಂತೆ ಅವ್ವನ ಮುಖಕ್ಕೆ ಕಳೆ ಬರುತ್ತಿತ್ತು. "ಇವರ ಕೈಗುಣ ಭಾಳ ಚೊಲೋ ಐತಿ ನೋಡ" ಎಂದು ನಡೆದುಕೊಂಡೇ ಮನೆಗೆ ಬರುತ್ತಿದ್ದಳು. ಒಂದು ವಾರ ಕಳೆಯುವುದರೊಳಗೆ ಮತ್ತೆ ಗೋಡೆಗೆ ಒರಗುತ್ತಿದ್ದಳು.

ಇದು ಬಗೆಹರಿಯುವ ಮಾತಲ್ಲವೆಂದು ಸವದತ್ತಿಗೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರರನ್ನು ಆರಿಸಿದ್ದಕ್ಕೆ ನನ್ನ ಬಳಿ ಒಂದೇ ಕಾರಣವಿತ್ತು. ನಾನು ಜೀವಮಾನದಲ್ಲಿ ಮಾಡಿದ ಅತಿ ಉದ್ದನೆಯ ಬೋರ್ಡು ಅವರದಾಗಿತ್ತು. ಎಂ.ಡಿ. ಎಂಬ ಎರಡು ಅಕ್ಷರ ಬಸ್ಸಿನಿಂದಲೂ ಕಾಣುವಷ್ಟು ದೊಡ್ಡದು. ಇಷ್ಟು ಓದಿದವರಿಗೆ ಗೊತ್ತಾಗದೆ ಇನ್ನಾರಿಗೆ ಗೊತ್ತಾಗಬೇಕು? ಅವ್ವ ಕೈ ಚಾಚಿ ಕೂತಳು. ಅವರು ಏನೋ ಒಂದೆರಡು ಕೇಳಿದರು, ಅವಳು ತಲೆಯೆತ್ತಿ ಛತ್ತು ನೋಡಿದಳು. ಟಾನಿಕ್ಕು, ಗುಳಿಗೆ ಬರೆದುಕೊಟ್ಟರು. ಹೊರಗೆ ಬಂದವಳೇ "ಫೇಲ್" ಎಂದಳು. ಅವ್ವನಿಗೆ ಬರುವ ನಾಲ್ಕು ಇಂಗ್ಲಿಷ್ ಶಬ್ದಗಳಲ್ಲಿ ಅದೊಂದು.

ನಾನು ಮನಸಾರೆ ರೇಗಿದೆ. ಆದರೆ ಆ ತಿಂಗಳಲ್ಲೇ ಒಂದು ಮುಂಜಾನೆ ಅವಳು ನಳದ ಹತ್ತಿರ ಕೊಡದ ಸಮೇತ ಬಿದ್ದಳು. ಎತ್ತಿದಾಗ ಅವಳ ಭಾರವೇ ಕೈಗೆ ಹತ್ತಲಿಲ್ಲ. ನನ್ನ ಕಣ್ಣ ಮುಂದೆಯೇ ಅವ್ವ ಹೋಗುತ್ತಿದ್ದಾಳೆ, ಯಾಕೆಂದು ಹೇಳುವವರು ಒಬ್ಬರೂ ಇಲ್ಲ ಎನಿಸಿ, ಅಂದು ಅಂಗಡಿಯ ಶಟರ್ ಅರ್ಧ ಎಳೆದು ಒಳಗೆ ಕೂತು ಅತ್ತೆ.

ಅದೇ ಸುಮಾರಿಗೆ ಮಕ್ಕಳ ಡಾಕ್ಟರೊಬ್ಬಳು ಹೊಸ ದವಾಖಾನೆಗೆ ಬೋರ್ಡು ಮಾಡಿಸಲು ಬಂದಳು. ಚಿಕ್ಕ ವಯಸ್ಸಿನವಳು, ಗತ್ತಿಲ್ಲದವಳು. ಅವಳ ಹೆಸರಿನ ಹಿಂದಿನ ಅಕ್ಷರಗಳನ್ನು ಟೈಪ್ ಮಾಡುತ್ತ, ಇಷ್ಟು ವರ್ಷ ಕೇಳದಿದ್ದದ್ದನ್ನು ಕೇಳಿಯೇಬಿಟ್ಟೆ.

"ಇವುಕ್ಕೆಲ್ಲಾ ಏನ್ ಅರ್ಥ ಐತ್ರಿ ಮೇಡಮ್?"

ಅವಳು ನಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತಳು. "ಎಂ.ಬಿ.ಬಿ.ಎಸ್. ಅಂದ್ರ ಬುನಾದಿ ಇದ್ದಂಗ್ರಿ. ಅದರ ಮ್ಯಾಲ ಮತ್ತ ಮೂರು ವರ್ಷ ಒಂದ ವಿಷಯ ಓದಿದ್ರ ಎಂ.ಡಿ. ಆದ್ರ ಎಂ.ಡಿ. ಅಂದಕೂಡ್ಲೆ ಆಗಲಿಲ್ಲ, ಯಾವ ವಿಷಯದಾಗ ಅಂತ ನೋಡಬೇಕು. ನಂದು ಮಕ್ಕಳದು. ಅದು ಬ್ರಾಕೆಟಿನ್ಯಾಗ ಇರ್ತೈತಿ. ನೀವು ಯಾವಾಗ್ಲೂ ಸಣ್ಣದು ಮಾಡ್ತೀರಲ್ಲ, ಅದ."

ನನಗೆ ತುಸು ಚುಚ್ಚಿತು. ಆದರೂ ಅವ್ವನ ವಿಷಯ ಹೇಳಿದೆ. ಅವಳು ಬಹಳ ಹೊತ್ತು ಕೇಳಿಸಿಕೊಂಡಳು. "ಇದು ಒಂದ ಅಂಗದ ಬ್ಯಾನಿ ಅನಸೂದಿಲ್ರಿ. ದೊಡ್ಡವರ ಮೈಯೆಲ್ಲಾ ಕೂಡಿಸಿ ನೋಡೋರು ಬೇಕು. ಬ್ರಾಕೆಟಿನ್ಯಾಗ ಜನರಲ್ ಮೆಡಿಸಿನ್ ಅಂತ ಇರಬೇಕು. ಫಿಜಿಷಿಯನ್ ಅಂತಾರ. ಅವರು ಕತ್ತರಿ ಹಿಡಿಯೂದಿಲ್ಲ, ವಿಚಾರ ಮಾಡ್ತಾರ. ಬೋರ್ಡಿನ ಕೆಳಗ ರಜಿಸ್ಟ್ರೇಷನ್ ನಂಬರ್ ಇದ್ರ, ಮೆಡಿಕಲ್ ಕೌನ್ಸಿಲಿನ ವೆಬ್‌ಸೈಟಿನ್ಯಾಗ ಹಾಕಿ ತಾಳೆ ನೋಡ್ರಿ. ಅಂಜಬ್ಯಾಡ್ರಿ, ಅದಕ್ಕ ಯಾರೂ ಸಿಟ್ಟಾಗೂದಿಲ್ಲ."

ಅವಳು ಹೋದ ಮೇಲೆ ಸವದತ್ತಿಯ ಬೋರ್ಡಿನ ಫೈಲು ತೆರೆದು ಕಂಸವನ್ನು ದೊಡ್ಡದು ಮಾಡಿ ನೋಡಿದೆ. ಅವರೂ ನಿಜವಾದ ಎಂ.ಡಿ.ಯೇ. ಓದಿದ್ದು ಮಾತ್ರ ರೋಗಿಗಳನ್ನು ನೋಡುವುದಲ್ಲ, ಕಾಲೇಜಿನಲ್ಲಿ ಔಷಧಗಳ ಪಾಠ ಹೇಳುವ ವಿಷಯ. ಅವರು ಸುಳ್ಳು ಬರೆಸಿರಲಿಲ್ಲ, ನಾನೂ ತಪ್ಪು ಬರೆದಿರಲಿಲ್ಲ. ಓದಬೇಕಾದದ್ದನ್ನು ಓದದೆ ಅಕ್ಷರದ ಗಾತ್ರ ನೋಡಿ ಅವ್ವನನ್ನು ಬಸ್ಸು ಹತ್ತಿಸಿದ್ದೆ. ಬೋರ್ಡು ಬರೆಯುವವನೇ ಹೀಗಾದರೆ ಉಳಿದವರ ಕಥೆಯೇನು ಎಂದು ನಗು ಬಂತು. ಸುಖದ ನಗುವಲ್ಲ ಅದು.

ಆ ಮಕ್ಕಳ ಡಾಕ್ಟರು ಹೆಸರು, ನಂಬರು ಬರೆದುಕೊಟ್ಟಿದ್ದ ಫಿಜಿಷಿಯನ್ನರಲ್ಲಿ ಒಬ್ಬರು ಬೈಲಹೊಂಗಲದಲ್ಲಿದ್ದರು. ನಂಬರು ಹಾಕಿ ನೋಡಿದೆ. ಹೆಸರು ಸಿಕ್ಕಿತು, ಎಂ.ಡಿ. ಯಾವುದರಲ್ಲಿ ಎಂಬುದೂ ಸಿಕ್ಕಿತು. ಸಿಗದೆ ಇದ್ದವಳು ಅವ್ವ.

"ಬೈಲಹೊಂಗಲಕ್ಕ ಬರತೇನಿ, ಬಾಯಿ ಮಾತ್ರ ಬಿಡೂದಿಲ್ಲ" ಎಂದು ಕರಾರು ಹಾಕಿಯೇ ಬಸ್ಸು ಹತ್ತಿದಳು.

ಬೈಲಹೊಂಗಲದ ಆ ದವಾಖಾನೆಯ ಬೋರ್ಡು ನೋಡಿ ಕಸುಬಿನವನಾಗಿ ನನಗೆ ಅಸಹ್ಯವೇ ಆಯಿತು. ಚಿಕ್ಕ ತಗಡು, ಮೂಲೆಯಲ್ಲಿ ಬಣ್ಣ ಎದ್ದಿತ್ತು. ಆದರೆ ಕಂಸದೊಳಗಿನದೂ ಹೊರಗಿನದೂ ಒಂದೇ ಗಾತ್ರದಲ್ಲಿದ್ದವು. ಒಳಗಿದ್ದವರು ನಡುವಯಸ್ಸಿನವರು. ಯಾವಾಗಿನಿಂದ, ಊಟ ಹೇಗೆ, ನಿದ್ದೆ ಹೇಗೆ, ಜ್ವರ ಬಂದಿತ್ತೇ ಎಂದು ಕೇಳುತ್ತಲೇ ಹೋದರು. ಅವ್ವ ಮೇಜಿನ ಮೇಲೆ ಕೈ ಚಾಚಿ ಸುಮ್ಮನೆ ಕೂತಿದ್ದಳು. ನಾನು ಉತ್ತರಿಸಲು ಹೋದರೆ "ನೀವು ತಡೀರಿ, ಅವರ ಹೇಳಲಿ" ಎಂದು ತಡೆದರು. ಅವ್ವ ನನ್ನತ್ತ ನೋಡಿದ ನೋಟದಲ್ಲಿ 'ಇವಗೇನೂ ತಿಳಿದಂಗಿಲ್ಲ' ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು.

ಅವರು ಪ್ರಶ್ನೆ ನಿಲ್ಲಿಸಿದರು. ಅವ್ವನನ್ನು ಮಲಗಿಸಿ ಬಿಪಿ ನೋಡಿದರು, ನಿಲ್ಲಿಸಿ ಮತ್ತೊಮ್ಮೆ ನೋಡಿದರು. ಬಾಯಿ ತೆರೆಸಿ ವಸಡು ನೋಡಿದರು. ಆಮೇಲೆ ಅವಳ ಅಂಗೈಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಗೆರೆಗಳನ್ನು ಬೆರಳಿನಿಂದ ಬಿಡಿಸಿ ಬಿಡಿಸಿ ನೋಡಿದರು. ಕೈ ಬಿಡದೆ ಮೆಲ್ಲಗೆ ಕೇಳಿದರು.

"ಅವ್ವಾರ, ಉಪ್ಪು ತಿನಬೇಕಂತ ಭಾಳ ಅನಸ್ತದೇನ್ರಿ?"

ಅವ್ವ ಬೆಚ್ಚಿದಳು. "ನಿಮಗ್ಯಾರ ಹೇಳಿದ್ರ್ಯಪ್ಪಾ?" ಎಂದವಳೇ ನನ್ನ ಕಡೆ ತಿರುಗಿದಳು. ನನಗೇ ಗೊತ್ತಿರಲಿಲ್ಲ. ಅವಳು ಸೆರಗಿನ ತುದಿಯ ಗಂಟು ಬಿಚ್ಚಿದಳು. ಅದರಲ್ಲಿ ಹರಳುಪ್ಪು ಇತ್ತು.

ಆಮೇಲೆ ಎಲ್ಲವೂ ಹೊರಗೆ ಬಂತು. ಹಗಲೆಲ್ಲ ಒಂದೊಂದೇ ಹರಳು ಬಾಯಿಗೆ ಹಾಕಿಕೊಳ್ಳುತ್ತಿದ್ದಳಂತೆ. ಮುಂಜಾನೆ ವಾಂತಿಯಾಗುತ್ತಿತ್ತಂತೆ. ನಳದ ಹತ್ತಿರ ಬಿದ್ದದ್ದು ಮೊದಲ ಸಲವಲ್ಲವಂತೆ. "ಹೇಳಿದ್ರ ಒಲಿ ಮುಂದ ಕುಂಡ್ರಾಕ ಬಿಡೂದಿಲ್ಲ ಇವರು. ಸುಮ್ಮನ ಕುಂತು ತಿನ್ನಾಕ ನನಗ ಬರೂದಿಲ್ರಿ" ಎಂದು ದನಿ ಸಣ್ಣ ಮಾಡಿದಳು. ಡಾಕ್ಟರು ನಡುವೆ ಬಾಯಿ ಹಾಕದೆ ಕೇಳುತ್ತ ಬರೆದುಕೊಂಡರು.

ರಕ್ತದ ಪರೀಕ್ಷೆ, ಸ್ಕ್ಯಾನ್ ಆದ ಮೇಲೆ ಅವರ ಅನುಮಾನ ಖಾತ್ರಿಯಾಯಿತು. ಎಲ್ಲರಿಗೂ ಮೂತ್ರಪಿಂಡಗಳ ಮೇಲೆ ಎರಡು ಪುಟ್ಟ ಗ್ರಂಥಿಗಳಿರುತ್ತವಂತೆ. ಅವ್ವನಲ್ಲಿ ಅವು ಸೋತಿದ್ದವು. ಅದಕ್ಕೇ ಮೈ ಉಪ್ಪು ಹಿಡಿದಿಟ್ಟುಕೊಳ್ಳುತ್ತಿರಲಿಲ್ಲ, ಅದಕ್ಕೇ ಸಲೈನಿನ ಉಪ್ಪುನೀರಿಗೆ ನಾಲ್ಕು ದಿನ ಜೀವ ಬರುತ್ತಿತ್ತು. ಗುಳಿಗೆ ಇದೆ, ಆದರೆ ಜೀವ ಇರುವವರೆಗೂ ಬಿಡುವಂತಿಲ್ಲ.

"ಕೈ ಹಿಡದ ಕಂಡಹಿಡದ್ರಿ" ಎಂದಳು ಅವ್ವ, ಪಾಸು ಮಾಡುವವಳ ದನಿಯಲ್ಲಿ.

"ಬಿಸಲಿಗೆ ಮೈ ಕರ್ರಗಾಗತೈತಿ, ಅಂಗೈ ಗೆರಿ ಆಗೂದಿಲ್ರಿ. ನಿಮ್ಮವು ಕರ್ರಗಾಗಿದ್ವು. ಅದಕ್ಕ ಅನುಮಾನ ಬಂತು. ಉಳದದ್ದೆಲ್ಲಾ ನೀವು ಹೇಳಿದ್ದಕ್ಕ ತಿಳೀತು" ಎಂದರು ಅವರು. "ಇನ್ನೊಂದು ಮಾತ್ರಿ. ಎಲ್ಲೆರ ಬಿದ್ದು ನಿಮಗ ಮಾತು ನಿಂತ್ರ, ಮುಂದಿನ ಡಾಕ್ಟರಿಗೆ ಗೊತ್ತಾಗಬೇಕು. ಬ್ಯಾನಿ ಹೆಸರು, ಗುಳಿಗಿ ಹೆಸರು ಬರೆದು ಮೈಮ್ಯಾಲ ಇಟ್ಕೊಬೇಕು."

ಬಸ್ಸಿನಲ್ಲಿ ಅವ್ವ ಸೆರಗಿನ ಗಂಟು ಬಿಚ್ಚಿ, ಈ ಸಲ ನನ್ನೆದುರಿಗೇ ಒಂದು ಹರಳು ಬಾಯಿಗೆ ಹಾಕಿಕೊಂಡಳು.

ಗುಳಿಗೆ ಹತ್ತಿ, ಅವಳು ಮತ್ತೆ ಒಲೆಯ ಮುಂದೆ ಕೂತ ಮೇಲೆ, ಒಂದು ಮಧ್ಯಾಹ್ನ ಅಂಗಡಿಯಲ್ಲಿ ಹಳೆಯ ಬ್ರಷ್ ಹುಡುಕಿ ತೆಗೆದೆ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ತಗಡು ಕತ್ತರಿಸಿ, ಅಂಚು ತಿಕ್ಕಿ, ಬಿಳಿ ಬಣ್ಣ ಬಳಿದು ಒಣಗಿಸಿದೆ. ಅವಳ ಹೆಸರು ಬರೆದೆ. ಗುಳಿಗೆಯ ಹೆಸರು ಬರೆದೆ, ನಿಲ್ಲಿಸಬಾರದು ಎಂದು ಬರೆದೆ. ಈ ಸಲ ಪ್ರತಿ ಶಬ್ದದ ಅರ್ಥ ಗೊತ್ತಿತ್ತು. ರೋಗದ ಹೆಸರನ್ನು ಮಾತ್ರ ಕೈಯ ರೂಢಿಯಂತೆ ಕಂಸ ಹಾಕಿ ಕೆಳಗೆ ಸಣ್ಣದಾಗಿ ಬರೆದೆ.

ಅವ್ವ ಊಟದ ಡಬ್ಬಿ ಹಿಡಿದು ಅಂಗಡಿಗೆ ಬಂದಳು. ಅವಳಿಗೆ ಓದಲು ಬರುವುದಿಲ್ಲ. ತಗಡನ್ನು ಬೆಳಕಿಗೆ ಹಿಡಿದು ನೋಡಿ, ಕಂಸದ ಮೇಲೆ ಬೆರಳಿಟ್ಟಳು.

"ಇದೇನ ತಮ್ಮಾ, ಇಷ್ಟ ಸಣ್ಣದು?"

"ಬ್ಯಾನಿ ಹೆಸರವ್ವಾ."

"ಅದನ್ನ ದೊಡ್ಡದ ಬರಿ" ಎಂದಳು. "ನನಗ ಹೇಳಾಕ ಆಗದಿದ್ದಾಗ ಅದ ಹೇಳಬೇಕಲ್ಲ."

ಥಿನ್ನರಿನಲ್ಲಿ ಬಟ್ಟೆ ಅದ್ದಿ ಎಲ್ಲವನ್ನೂ ಒರೆಸಿದೆ. ಅವಳು ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ನೋಡುತ್ತಿರುವಂತೆಯೇ, ಮೊದಲು ರೋಗದ ಹೆಸರನ್ನು ಕೆಂಪು ಬಣ್ಣದಲ್ಲಿ ದೊಡ್ಡದಾಗಿ, ಉಳಿದದ್ದನ್ನು ಅದರ ಕೆಳಗೆ ಬರೆದೆ. ಬಣ್ಣ ಒಣಗಿದ ಮೇಲೆ ದಾರ ಪೋಣಿಸಿ ಅವಳೇ ಕೊರಳಿಗೆ ಹಾಕಿಕೊಂಡಳು.