ಸಿದ್ಧಾರೂಢನ ಸೀಸ
ಮುನವಳ್ಳಿ ಹತ್ತಿರ ಅಣೆಕಟ್ಟಿನ ನೀರಿಗಿಳಿದು ಕೊಳವೆ ನೋಡುವ ಸಿದ್ಧಾರೂಢನಿಗೆ ಮುಳುಗುವುದಕ್ಕಿಂತ ಸೀಸ ಕಟ್ಟಿಕೊಳ್ಳುವುದೇ ದೊಡ್ಡ ಕೆಲಸ. ಮೈ ಒದ್ದೆಯಾಗದ ಆ ದಪ್ಪ ಉಡುಪಿನೊಳಗೆ ಗಾಳಿ ಇರುತ್ತದೆ. ಸೀಸದ ಭಾರವಿಲ್ಲದಿದ್ದರೆ ಸೋರೆಬುರುಡೆಯಂತೆ ತೇಲುತ್ತಾನೆ. ಎಲ್ಲ ಭಾರ ನಡುವಿಗೇ ಕಟ್ಟಿದರೆ ಹೊಟ್ಟೆಯಿಂದ ಜಾರುತ್ತದೆ, ಹೆಗಲಿಗೇ ಹಾಕಿದರೆ ಕಾಲುಗಳು ಮೇಲೇಳುತ್ತವೆ. ಹೀಗಾಗಿ ದಡದಲ್ಲಿ ಬಟ್ಟೆ ಒಗೆಯುವ ನಮ್ಮನ್ನೂ ಕೇಳುತ್ತಾನೆ: "ಸಾವಿತ್ರೆವ್ವಾ, ಇವತ್ತ ಹೆಗಲಿಗೊ, ನಡಕ್ಕೊ?" ಸಾವಿತ್ರೆವ್ವ, "ಮೊದಲ ಹೊಟ್ಟಿ ಇಳಸೋ ತಮ್ಮಾ, ನಡಾ ಎಲ್ಲೈತಿ ಅಂತ ಗೊತ್ತಾಗಲಿ" ಎನ್ನುತ್ತಾಳೆ. ಕಡೆಗೆ ಹೆಗಲಿಗೂ ಏರುವ ನಡುಪಟ್ಟಿಯನ್ನೇ ಆರಿಸಿ, ಎರಡು ತುಂಡು ಕಾಲಿಗೆ ಕಟ್ಟಿ, ಕಣ್ಣು ಮುಚ್ಚಿ ಒಂದೇ ಕೈಯಿಂದ ಪಟ್ಟಿಯ ಕೊಂಡಿ ಬಿಚ್ಚಿ ನೋಡುತ್ತಾನೆ. "ಕೆಳಗ ಏನರ ಆದ್ರ ಇದು ಪಟ್ನ ಬಿಚ್ಚಬೇಕ್ರಿ, ಇಲ್ಲಾಂದ್ರ ನಾ ಮ್ಯಾಲ ಬರೂದಿಲ್ಲ." ಅಷ್ಟರಲ್ಲಿ ಹೆಂಡತಿ ಶೈಲಶ್ರೀ ಬಂದು, ಸೀಸ ಜಾರದಿರಲೆಂದು ಎಲ್ಲವ್ವನ ಗುಡಿಯಿಂದ ತಂದ ಅರಿಷಿಣದ ದಾರವನ್ನು ಆ ಕೊಂಡಿಗೇ ಮೂರು ಗಂಟು ಹಾಕಿ ಬಿಗಿಯುತ್ತಾಳೆ. ಅವನು ಅವಳ ಕಣ್ಣು ತಪ್ಪಿಸಿ ಬಂಡೆಯ ಮರೆಗೆ ಹೋಗಿ ಗಂಟು ಬಿಚ್ಚಿ, ದಾರವನ್ನು ಮುಂಗೈಗೆ ಸುತ್ತಿಕೊಂಡು ಮುಳುಗುತ್ತಾನೆ. ಮೇಲೆ ಬಂದ ಮೇಲೆ ಅದೇ ಮರೆಯಲ್ಲಿ, ಚಳಿಗೆ ಮರಗಟ್ಟಿದ ಬೆರಳುಗಳಿಂದ, ಮೂರೂ ಗಂಟನ್ನು ಮತ್ತೆ ಕೊಂಡಿಗೆ ಹಾಕುತ್ತಾನೆ. "ನೋಡಿದ್ರ್ಯಾ, ನನ್ನ ಗಂಟು ಹೆಂಗ ಕುಂತೈತಿ!" ಎಂದು ಶೈಲಶ್ರೀ ಹಿಗ್ಗುತ್ತಾಳೆ. ನಾವು ತಲೆ ಬಗ್ಗಿಸಿ ಬಟ್ಟೆ ಒಗೆಯುತ್ತೇವೆ.