ತಂಗಿ ಎಂದು ಹೇಳಿದ್ದೆ

ಸೆಪ್ಟೆಂಬರ್ ಬಂತೆಂದರೆ ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ಎರಡು ರೋಟಾ, ಅಂದರೆ ಡ್ಯೂಟಿ ಪಟ್ಟಿ, ಇರುತ್ತವೆ, ನನ್ನದೊಂದು, ಗಂಡನದೊಂದು. ನಾನು ಮ್ಯಾಂಚೆಸ್ಟರಿನ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ಅವರೂ ಡಾಕ್ಟರು, ಕೆಲಸಕ್ಕೆ ಹಡರ್ಸ್‌ಫೀಲ್ಡಿಗೆ ಹೋಗಿಬರುತ್ತಾರೆ. ಆ ವರ್ಷ ಮಗಳು ಇಯರ್ ಟೂಗೆ, ಆರು ವರ್ಷದ ಮಕ್ಕಳ ತರಗತಿಗೆ, ಬಂದಿದ್ದಳು. ಕಾರ್ಡಿಗನ್ನಿಗೂ ನೀರಿನ ಬಾಟಲಿಗೂ ಹೆಸರು ಅಂಟಿಸಿ, ಪಿಇ ಅಂದರೆ ಆಟದ ಬಟ್ಟೆ ಯಾವ ದಿನ, ಲೈಬ್ರರಿ ಪುಸ್ತಕ ಯಾವ ದಿನ ಎಂದು ಬಾಯಿಪಾಠ ಆಗುವಷ್ಟರಲ್ಲಿ ಬೇಸಿಗೆ ಮುಗಿದೇ ಹೋಗಿತ್ತು. ಬೆಳಿಗ್ಗೆ ಹೇಗೋ ನಡೆಯುತ್ತದೆ. ಕಷ್ಟವೆಲ್ಲ ಮಧ್ಯಾಹ್ನ ಸ್ಕೂಲು ಬಿಡುವ ಹೊತ್ತಿನದು.

ಆ ಹೊತ್ತಿಗೆ ನಮಗೆ ನೆರೆಯ ಗೆಳತಿಯೊಬ್ಬಳಿದ್ದಳು. ಡಿಡ್ಸ್‌ಬರಿಯಲ್ಲಿ ನಮ್ಮದೇ ರಸ್ತೆಯ ತುದಿಯ ಮನೆ, ಊರು ಮೈಸೂರು, ಗಂಡ ಜಿಪಿ, ಅಂದರೆ ಬಡಾವಣೆಯ ಡಾಕ್ಟರು. ಅವಳ ಮಗಳೂ ನನ್ನ ಮಗಳೂ ಒಂದೇ ತರಗತಿ. ನನ್ನನ್ನು ಅಕ್ಕಾ ಎನ್ನುತ್ತಿದ್ದಳು, ನನ್ನ ಗಂಡನನ್ನು ಭಾವ. ಬೆಳಿಗ್ಗೆ ಇಬ್ಬರು ಮಕ್ಕಳನ್ನೂ ನಾವು ಬಿಡುವುದು, ಮಧ್ಯಾಹ್ನ ಅವಳು ಕರೆತರುವುದು ಎಂದು ಮಾತಾಗಿತ್ತು. ಇವರು ನಿಮಗೆ ಏನಾಗಬೇಕು ಎಂದು ಸ್ಕೂಲಿನ ಆಫೀಸಿನಲ್ಲಿ ಕೇಳಿದಾಗ ನನ್ನ ತಂಗಿ ಎಂದಿದ್ದೆ. ನಮ್ಮಲ್ಲಿ ಯಾರಾದರೂ ಹಾಗೆಯೇ ಹೇಳುತ್ತಾರೆ. ಅವರು ಒಂದೇ ಹೊಟ್ಟೆಯಲ್ಲಿ ಹುಟ್ಟಿದವಳು ಎಂದು ತಿಳಿದರು. ನಾನು ತಿದ್ದಲಿಲ್ಲ.

ಎರಡನೆಯ ವಾರದ ಶುಕ್ರವಾರ ಏನಾಯಿತೆಂಬುದನ್ನು ನಾನು ಟೀಚರನ್ನು, ಮಗಳನ್ನು, ಕೊನೆಗೆ ಅವಳನ್ನೇ ಕೇಳಿ ತಿಳಿದುಕೊಂಡೆ. ಅವಳು ಅವತ್ತು ಕಾರು ತಂದಿದ್ದಳು. ತರಗತಿಯ ಮೂರು ಮಕ್ಕಳನ್ನು ತನ್ನ ಮಗಳ ಜೊತೆ ಹತ್ತಿಸಿಕೊಂಡಳು. ಮಗಳ ಹುಟ್ಟುಹಬ್ಬಕ್ಕೆ ಟ್ರ್ಯಾಂಪೊಲೀನ್ ಆಡಿಸಲು ಕರೆದುಕೊಂಡು ಹೋಗುತ್ತಿದ್ದಳು. ನನ್ನ ಮಗಳಿಗೆ ಕರೆಯಿರಲಿಲ್ಲ. ಇವಳನ್ನು ಇವಳಪ್ಪ ಬಂದು ಕರೆದೊಯ್ಯುತ್ತಾರೆ ಎಂದು ಟೀಚರಿಗೆ ಹೇಳಿದಳು. ತಾಯಿಯ ತಂಗಿಯೇ ಹೇಳಿದ ಮೇಲೆ ಟೀಚರು ಮತ್ತೆ ಕೇಳಲಿಲ್ಲ. ಇವಳಪ್ಪ ಆಗ ಹಡರ್ಸ್‌ಫೀಲ್ಡಿನಲ್ಲಿ ವಾರ್ಡಿನಲ್ಲಿದ್ದರು. ನಾನು ಆಪರೇಷನ್ ಥಿಯೇಟರಿನಲ್ಲಿದ್ದೆ, ಫೋನು ಲಾಕರಿನಲ್ಲಿತ್ತು. ಸ್ಕೂಲಿನವರು ಕೊನೆಗೆ ಗಂಡನಿಗೆ ಫೋನು ಮಾಡಿದರು. ಅವರು ಮೋಟರ್‌ವೇ ದಾಟಿ ಬರುವ ತನಕ ಮಗಳು ಕೋಟು ಬಿಚ್ಚದೆ ಆಫೀಸಿನ ಕುರ್ಚಿಯ ಮೇಲೆ ಕೂತಿದ್ದಳು. ಅವಳು ನನಗೆ ಹೇಳಿದ್ದು ಒಂದೇ: ಕಾರಿನೊಳಗೆ ಬಲೂನುಗಳಿದ್ದವು.

ತುದಿಯ ಮನೆಯವಳನ್ನು ಕೇಳಿದೆ. ಭಾವನಿಗೆ ಮೆಸೇಜು ಹಾಕಿದ್ದೆ ಎಂದಳು. ಅಂಥ ಮೆಸೇಜು ಬಂದಿರಲಿಲ್ಲ. ಸೀಟು ಇರಲಿಲ್ಲ ಎಂದಳು. ಅದು ನಿಜ. ಆಮೇಲೆ ನಗುತ್ತಾ, "ಸ್ಕೂಲಲ್ಲೇ ತಾನೆ ಕೂತಿದ್ದು ಅಕ್ಕಾ, ರೋಡಲ್ಲಲ್ಲವಲ್ಲ" ಎಂದಳು.

ನಾನು ಜಗಳ ಆಡಲಿಲ್ಲ. ಸೋಮವಾರ ರಜೆ ಹಾಕಿದೆ. ಬೆಳಿಗ್ಗೆ, ಈಗ ತನ್ನ ಮಗಳನ್ನು ತಾನೇ ಬಿಡಬೇಕಾಗಿದ್ದ ಅವಳು ಸ್ಕೂಲಿಗೆ ಬರುವ ಹೊತ್ತು ನೋಡಿಕೊಂಡು ಆಫೀಸಿನ ಸಾಲಿನಲ್ಲಿ ನಿಂತೆ. ಅವಳು ನನ್ನ ಹಿಂದೆಯೇ ಇದ್ದಳು, ಟ್ರ್ಯಾಂಪೊಲೀನಿಗೆ ಕರೆದೊಯ್ದ ಮಕ್ಕಳ ತಾಯಂದಿರ ನಡುವೆ. ಆಫೀಸಿನವರಿಗೆ ಇಂಗ್ಲಿಷಿನಲ್ಲಿ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ, ಆಕೆ ನನ್ನ ತಂಗಿಯಲ್ಲ, ನನ್ನ ಮಗುವನ್ನು ಆಕೆಯ ಕೈಗೆ ಇನ್ನೆಂದೂ ಕೊಡಬೇಡಿ ಎಂದೆ. ಹಾಗಾದರೆ ಯಾರು ಎಂದು ಕೇಳಿದರು. ಯಾರೂ ಅಲ್ಲ, ನಮ್ಮ ರಸ್ತೆಯವರು ಎಂದೆ. ತಿರುಗಿದಾಗ ಅವಳ ಕಿವಿ ಕೆಂಪಾಗಿತ್ತು. ತಾಯಂದಿರು ಅವಳಿಂದ ಸ್ವಲ್ಪ ಸರಿದು ನಿಂತಿದ್ದರು. ಮನೆಗೆ ಹೋಗಿ ಹೊಟ್ಟೆ ತುಂಬ ಉಪ್ಪಿಟ್ಟು ತಿಂದೆ. ಅಷ್ಟು ರುಚಿಯಾಗಿ ನಾನು ಬಹಳ ದಿನಗಳಿಂದ ತಿಂದಿರಲಿಲ್ಲ.

ಆಮೇಲೆ ರೋಟಾಗಳನ್ನು ಬದಲಿಸಿಕೊಂಡೆವು. ಸ್ಕೂಲಿನ ನಂತರದ ಕ್ಲಬ್ಬಿನಲ್ಲಿ ವಾರಕ್ಕೆ ಎರಡು ದಿನ ಮಾತ್ರ ಜಾಗ ಸಿಕ್ಕಿತು. ಮಿಕ್ಕ ದಿನ ಓಡಾಟ. ಮಗಳು ದಿನಾ ಬೆಳಿಗ್ಗೆ ಶೂ ಹಾಕಿಕೊಳ್ಳುವಾಗ ಇವತ್ತು ಯಾರು ಬರುತ್ತಾರೆ ಎಂದು ಕೇಳುತ್ತಿದ್ದಳು. ನಾನು ಹೆಸರು ಹೇಳುವ ತನಕ ಎರಡನೆಯ ಶೂ ಹಾಕುತ್ತಿರಲಿಲ್ಲ.

ದಸರಾ ಹತ್ತಿರ ಬಂದಾಗ, ಒಂದು ಮಳೆಯ ದಿನ, ನನ್ನ ಕೊನೆಯ ಕೇಸು ಎಳೆಯಿತು. ಗಂಡ ಬೆಟ್ಟದ ಮೇಲಿನ ಮೋಟರ್‌ವೇಯಲ್ಲಿ ನಿಂತುಹೋದ ಕಾರುಗಳ ನಡುವೆ ಇದ್ದರು. ಈಗ ನಾನು ಥಿಯೇಟರಿನ ಫೋನ್ ನಂಬರನ್ನೇ ಸ್ಕೂಲಿಗೆ ಕೊಟ್ಟಿದ್ದೆ. ಹೆಡ್ ಟೀಚರ್ ಅದಕ್ಕೆ ಫೋನ್ ಮಾಡಿದರು. ನರ್ಸು ಫೋನನ್ನು ನನ್ನ ಕಿವಿಗೆ ಹಿಡಿದಳು. ಆ ಮಹಿಳೆ ಗೇಟಿನ ಹತ್ತಿರ ಇದ್ದಾರೆ, ನಿಮ್ಮ ಮಗಳು ಒಬ್ಬಳೇ ಉಳಿದಿದ್ದನ್ನು ನೋಡಿ ಮನೆಗೆ ಕರೆದೊಯ್ಯಲೇ ಎಂದು ಕೇಳುತ್ತಿದ್ದಾರೆ, ಇದೊಂದು ಸಲ ಒಪ್ಪುತ್ತೀರಾ ಎಂದರು. ನನ್ನ ಮುಂದೆ ಮಲಗಿದ್ದ ರೋಗಿಯ ಉಸಿರು ಮಾನಿಟರಿನಲ್ಲಿ ಸಮನಾಗಿ ಹೋಗುತ್ತಿತ್ತು. ನನಗೆ ಅವಳ ನಗು ನೆನಪಾಯಿತು. ಇಲ್ಲ ಎಂದೆ. ಆಕೆಗೆ ಕೇಳುವಂತೆ ಹೇಳಿ ಎಂದೂ ಸೇರಿಸಿದೆ.

ನಾನು ತಲುಪಿದಾಗ ಮಗಳು ಅದೇ ಕುರ್ಚಿಯ ಮೇಲಿದ್ದಳು, ಕೋಟಿನ ಗುಂಡಿ ಕತ್ತಿನ ತನಕ ಹಾಕಿಕೊಂಡು. ಹೊರಗೆ ಬಂದ ಮೇಲೆ ಕೇಳಿದೆ: "ಆಂಟಿ ಕರೆದಿದ್ದರೆ ಹೋಗ್ತಿದ್ದೆಯಾ ಪುಟ್ಟಿ?"

"ಯೆಸ್," ಅಂದಳು. "ಐ ವಾಸ್ ಹಂಗ್ರಿ."

"ಅವತ್ತು ನಿನ್ನ ಬಿಟ್ಟುಹೋದಳಲ್ಲ?"

ಅವಳು ನೀರು ನಿಂತ ಗುಂಡಿಯೊಂದನ್ನು ಸುತ್ತಿ ಬಂದಳು. ಆಮೇಲೆ ಇಂಗ್ಲಿಷಿನಲ್ಲೇ ಹೇಳಿದಳು: ಇವತ್ತು ಬಿಟ್ಟಿದ್ದು ಆಂಟಿ ಅಲ್ಲ.

ರಸ್ತೆ ದಾಟುವಾಗ ಕೈ ಚಾಚಿದೆ. ಅವಳು ನನ್ನ ಕೋಟಿನ ತೋಳು ಹಿಡಿದುಕೊಂಡಳು, ಕೈ ಹಿಡಿಯಲಿಲ್ಲ. ತುದಿಯ ಮನೆಯ ಅಡುಗೆಮನೆಯಲ್ಲಿ ದೀಪವಿತ್ತು, ಕಿಟಕಿಯಲ್ಲಿ ಅವಳು ನಿಂತಿದ್ದಳು. ನಮ್ಮನ್ನು ನೋಡಿದ್ದು ನನಗೆ ಗೊತ್ತು. ನನ್ನ ಸಿಟ್ಟು ಒಂದಿಷ್ಟೂ ಇಳಿದಿರಲಿಲ್ಲ. ಮಗಳು ಆ ಮನೆಯ ಕಡೆ ಕೈ ಬೀಸಿದಳು. ನಾನು ಅವಳನ್ನು ತಡೆಯಲಿಲ್ಲ, ತಲೆಯೆತ್ತಿ ನೋಡಲೂ ಇಲ್ಲ.